ಸೇಂಟ್ ಲೂಸಿಯಾದ ಆಯಿ

ಮೊದಲ ದಿನ ಮುದುಕಿ ಮಲ್ಲಕ್ಕನಿಗೆ ಮೈ ಮುಟ್ಟಗೊಡಲಿಲ್ಲ.

ಮುಲುಂಡ್‌ನ ಆ ಆಸ್ಪತ್ರೆಯಲ್ಲಿ ಮಲ್ಲಕ್ಕ ರೋಗಿಗಳನ್ನು ನೋಡಿಕೊಳ್ಳುವ ಆಯಾ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಮುಂಬೈಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಎಂದಿನಂತೆ ಬಕೆಟ್ಟು, ಟವೆಲ್ಲು ಹಿಡಿದು ಒಳಗೆ ಹೋದರೆ ಮಂಚದ ಮೇಲಿದ್ದ ಫಿಲೋಮೆನ್ ಎಂಬ ಕಪ್ಪು ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮಗಳು ವರ್ನಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನರ್ಸ್ ಶೀತಲ್ ಹಿಂದಿಯಲ್ಲಿ ತಿಳಿಸಿದಳು: ಇವರು ಸೇಂಟ್ ಲೂಸಿಯಾ ಎಂಬ ದ್ವೀಪದವರು, ಕೆರಿಬಿಯನ್ ಸಮುದ್ರದಲ್ಲಿದೆ. ಅಲ್ಲಿ ಒಳಗೆ ಕಾಲಿಟ್ಟವರು ಮೊದಲು ನಮಸ್ಕಾರ ಹೇಳಬೇಕು. ಹೇಳದವರನ್ನು ಮನೆತನವಿಲ್ಲದವರು ಅಂದುಕೊಳ್ಳುತ್ತಾರೆ.

ಮಲ್ಲಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಹೊರಗೆ ಹೋಗಿ, ಬಾಗಿಲು ತಟ್ಟಿ, ವರ್ನಾ ಹೇಳಿಕೊಟ್ಟ ನಮಸ್ಕಾರಕ್ಕೆ ಮರಾಠಿಯ 'ಅಮ್ಮ' ಸೇರಿಸಿ "ಬೋಂಜೂ, ಆಯಿ" ಅಂದಳು. ಮುದುಕಿ ಕೈ ಚಾಚಿದಳು.

ಆಯಿಗೆ ಎರಡೂ ಮೊಣಕಾಲಿನ ಆಪರೇಶನ್ ಆಗಿತ್ತು; ಅದಕ್ಕೆಂದೇ ಮಗಳ ಜೊತೆ ಮುಂಬೈಗೆ ಬಂದಿದ್ದಳು. ಮೈ ಒರೆಸುವಾಗ ಆಯಿ ಒಂದೊಂದೇ ಅಂಗ ತೋರಿಸಿ ತನ್ನ ಕ್ವೆಯೊಲ್ ಭಾಷೆಯ ಹೆಸರು ಹೇಳುತ್ತಿದ್ದಳು. ತಲೆಗೆ ತೆತ್. ಮೊಣಕಾಲಿಗೆ ಜುನು. ಹೊಟ್ಟೆಗೆ ವಾಂಟ್. ಮಲ್ಲಕ್ಕ ತಪ್ಪು ಹೇಳಿದರೆ ಮೊಣಕೈಗೆ ಮೆಲ್ಲಗೆ ಏಟು. ಆಯಿ ತಲೆಗೆ ಸುತ್ತುತ್ತಿದ್ದ ಚೌಕುಳಿ ಬಟ್ಟೆಗೆ ಆ ದ್ವೀಪದಲ್ಲಿ 'ಮದ್ರಾಸ್' ಎಂದೇ ಹೆಸರಂತೆ. ಹಿಂದೊಮ್ಮೆ ಇಲ್ಲಿಂದ ಹಡಗಿನಲ್ಲಿ ಹೋದ ಬಟ್ಟೆ. "ನಮ್ಮ ಕಡೀದ ನೋಡ್ರಿ ಇದು!" ಎಂದು ಮಲ್ಲಕ್ಕ ಶೀತಲ್‌ಗೆ ತೋರಿಸಿಕೊಂಡು ಬಂದಿದ್ದಳು.

ಆಯಿಗೆ ಇಂಗ್ಲಿಷ್ ಬರುತ್ತಿತ್ತು. ಆದರೆ ನೋವು ಹೆಚ್ಚಾದರೆ ಅದು ಎಲ್ಲಿಗೋ ಹೋಗಿಬಿಡುತ್ತಿತ್ತು. ಆಗ ವರ್ನಾ "ಅಮ್ಮಾ, ಇಂಗ್ಲಿಷ್!" ಎಂದು ಗದರಿಸುತ್ತಿದ್ದಳು.

ಒಂಬತ್ತನೇ ದಿನ ಮಧ್ಯಾಹ್ನ ವರ್ನಾ ವೀಸಾ ಕೆಲಸಕ್ಕೆಂದು ಪೇಟೆಗೆ ಹೋಗಿದ್ದಳು. ಊಟದ ತಟ್ಟೆ ಎತ್ತುತ್ತಿದ್ದ ಮಲ್ಲಕ್ಕ ತಿರುಗಿ ನೋಡಿದಳು. ಆಯಿಯ ಹಣೆಯ ಮೇಲೆ ಬೆವರು. ಉಸಿರು ಚಿಕ್ಕದಾಗಿತ್ತು. ಪಕ್ಕೆಲುಬಿನ ಕೆಳಗೆ ಕೈ ಒತ್ತಿಕೊಂಡು "ಲೆಸ್ತೋಮಾಕ್... ಲೆಸ್ತೋಮಾಕ್ ಮ್ವೆ" ಎಂದು ನರಳುತ್ತಿದ್ದಳು.

ಡ್ಯೂಟಿ ಡಾಕ್ಟರ್ ಧಾತ್ರಿ ಬಂದಳು. ಮೈಸೂರಿನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲಿ. ಬೆಳಗಿನಿಂದ ಒಬ್ಬಳೇ ಇಡೀ ಮಹಡಿ ಸುತ್ತುತ್ತಿದ್ದಳು.

"ಸ್ಟಮಕ್?" ಎಂದು ಕೇಳಿದಳು.

"ಲೆಸ್ತೋಮಾಕ್," ಎಂದು ಆಯಿ ಹೌದೆನ್ನುವಂತೆ ತಲೆಯಾಡಿಸಿದಳು.

ಧಾತ್ರಿ ಹೊಟ್ಟೆ ಮುಟ್ಟಿ ನೋಡಿದಳು. "ಪೇನ್‌ಕಿಲ್ಲರ್‌ನಿಂದ ಆ್ಯಸಿಡಿಟಿ ಆಗಿದೆ. ಇಂಜೆಕ್ಷನ್ ಕೊಡಿ, ಅರ್ಧ ಗಂಟೆ ನೋಡೋಣ," ಎಂದು ಶೀತಲ್‌ಗೆ ಹೇಳಿ ಪಕ್ಕದ ರೂಮಿಗೆ ಹೊರಟಳು.

ಮಲ್ಲಕ್ಕನ ಕೈಯಲ್ಲಿ ತಟ್ಟೆ ಹಾಗೇ ಉಳಿಯಿತು. ಲೆಸ್ತೋಮಾಕ್ ಅಂದರೆ ಹೊಟ್ಟೆಯಲ್ಲ. ಸಾಬೂನು ಹಚ್ಚುವಾಗ ಆಯಿ ಹೇಳಿಕೊಟ್ಟದ್ದು ಎದೆಗೆ. ಎದೆಗೇ ಹೌದೆ? ಅವಳಿಗೆ ಈಗ ಅನುಮಾನ ಬಂತು. ಓದು ಬರಹ ಇಲ್ಲದ ತನ್ನ ನೆನಪನ್ನು ನಂಬಿ ಡಾಕ್ಟರಿಗೆ ಎದುರು ಮಾತಾಡುವುದೆ? ಅವಳನ್ನು ಆಸ್ಪತ್ರೆಯ ಕೆಲಸಕ್ಕೆ ಕಳಿಸುವ ಏಜೆಂಟ್ ಸುಕೇಶ್ ಎರಡು ಸಲ ಹೇಳಿದ್ದ: ಡಾಕ್ಟರರ ಜೊತೆ ವಾದ ಮಾಡಿದರೆ ಮರುದಿನ ಬರಬೇಡ.

ತಟ್ಟೆ ಇಟ್ಟು ಮಂಚದ ಮೇಲೆ ಬಾಗಿದಳು. ತನ್ನ ಹೊಟ್ಟೆ ಮುಟ್ಟಿ "ವಾಂಟ್?" ಎಂದಳು. ಆಯಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಎದೆ ಮುಟ್ಟಿ "ಲೆಸ್ತೋಮಾಕ್?" ಎಂದಳು. ಆಯಿ ಅವಳ ಕೈಯನ್ನು ಎಳೆದು ತನ್ನ ಎದೆಯ ಮೇಲೆ ಒತ್ತಿಕೊಂಡಳು. ಆ ಬೆರಳುಗಳು ತಣ್ಣಗಿದ್ದವು.

ಮಲ್ಲಕ್ಕ ಓಡಿದಳು. ಪಕ್ಕದ ರೂಮಿನ ಬಾಗಿಲಲ್ಲೇ ಧಾತ್ರಿಗೆ ಅಡ್ಡ ನಿಂತಳು.

"ಹೊಟ್ಟಿ ಅಲ್ರೀ ಡಾಕ್ಟರವ್ವಾರ! ಆಕಿಗಿ ಎದಿ ನೋವು!"

"ಮಲ್ಲಕ್ಕ, ಪ್ಲೀಸ್. ಅವ್ರೇ ಸ್ಟಮಕ್ ಅಂದ್ರಲ್ಲ."

"ಆಕಿ ಭಾಷಾದಾಗ ಅದು ಎದಿ ಐತ್ರೀ. ಹೊಟ್ಟಿಗಿ ಬ್ಯಾರೆ ಹೆಸರು ಐತಿ. ನನಗ ಕಲಿಸ್ಯಾಳ."

"ಮಾವಶಿ, ದೂರ ಸರೀರಿ," ಎಂದು ಶೀತಲ್ ಅವಳ ತೋಳು ಹಿಡಿದಳು. ಮಲ್ಲಕ್ಕ ಕದಲಲಿಲ್ಲ.

"ನನ್ನ ನಾಳೆ ತಗದು ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಈಗ ಒಮ್ಮಿ ಬರ್ರಿ. ಒಮ್ಮಿ ಕೇಳ್ರಿ ಆಕೀನ!"

ಕಾರಿಡಾರಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಧಾತ್ರಿಯ ಮುಖ ಬಿಗಿಯಾಯಿತು. ಒಂದು ಕ್ಷಣ ಏನೋ ಹೇಳಹೊರಟವಳು ತಿರುಗಿ ಆಯಿಯ ರೂಮಿಗೆ ನಡೆದಳು. ಮಲ್ಲಕ್ಕ ಮಾಡಿದಂತೆಯೇ ಹೊಟ್ಟೆ ತೋರಿಸಿ, ಎದೆ ತೋರಿಸಿ ಕೇಳಿದಳು. ಉತ್ತರ ನೋಡಿದವಳೇ ಬೆರಳಿಗೆ ಆಕ್ಸಿಜನ್ ಮಾಪಕ ಸಿಕ್ಕಿಸಿದಳು. ತೊಂಬತ್ತೊಂದು. ನೋಡುತ್ತಿದ್ದಂತೆ ಎಂಬತ್ತೆಂಟು.

"ಶೀತಲ್, ಆಕ್ಸಿಜನ್! ಇಸಿಜಿ ತರಿಸಿ, ಐಸಿಯುಗೆ ಫೋನ್ ಮಾಡಿ!"

ಮುಂದಿನದು ಮಲ್ಲಕ್ಕನ ಕೈಲಿರಲಿಲ್ಲ. ಮಂಚ ಲಿಫ್ಟಿನೊಳಗೆ ಹೋಯಿತು. ಆಯಿಯ ತಲೆಬಟ್ಟೆ ನೆಲದ ಮೇಲೆ ಬಿದ್ದಿತ್ತು. ಎತ್ತಿಕೊಂಡು ಐಸಿಯು ಹೊರಗೆ ನಿಂತಳು. ಒಂದು ತಾಸು ಕಳೆಯಿತು. ಎರಡಾಯಿತು. ತಾನು ಹೇಳಿದ್ದು ಸರಿ ಎಂದು ಗೊತ್ತಾದರೂ ಹೆದರಿಕೆ ಕಡಿಮೆಯಾಗಲಿಲ್ಲ. ಮಾತು ಕಲಿಯುವಾಗ ತಾನು ಇನ್ನಷ್ಟು ಗಟ್ಟಿ ಕಲಿತಿದ್ದರೆ ಅನುಮಾನಪಡುತ್ತ ನಿಂತ ಆ ನಿಮಿಷವೂ ಉಳಿಯುತ್ತಿತ್ತು ಎಂದು ಅನ್ನಿಸುತ್ತಲೇ ಇತ್ತು.

ಸಂಜೆ ವರ್ನಾ ಓಡಿ ಬಂದಳು. ಲೋಕಲ್ ರೈಲಿನಲ್ಲಿದ್ದಾಗ ಅವಳ ಫೋನು ಸಿಕ್ಕಿರಲಿಲ್ಲ. ಅದೇ ಹೊತ್ತಿಗೆ ಧಾತ್ರಿ ಹೊರಗೆ ಬಂದಳು. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಔಷಧಿ ಶುರುವಾಗಿದೆ. ಬದುಕುತ್ತಾರೆ ಅನ್ನಿಸುತ್ತದೆ, ಆದರೆ ಎರಡು ದಿನ ಕಾಯಬೇಕು.

"ನಾನು ತಪ್ಪು ಕೇಳಿಸಿಕೊಂಡೆ," ಎಂದು ಧಾತ್ರಿ ವರ್ನಾಗೆ ಇಂಗ್ಲಿಷಿನಲ್ಲಿ ಹೇಳಿ, ಮಲ್ಲಕ್ಕನತ್ತ ಬೊಟ್ಟು ಮಾಡಿದಳು. "ಇವರು ಸರಿಯಾಗಿ ಕೇಳಿಸಿಕೊಂಡರು."

ವರ್ನಾ ಬೆಂಚಿನ ಮೇಲೆ ಕುಸಿದು ಅತ್ತಳು. ಬಿಕ್ಕಳಿಕೆಯ ನಡುವೆ ಏನೋ ಹೇಳಿದಳು. ಶೀತಲ್ ಅರ್ಥ ಹೇಳಿದಳು: ಅಮ್ಮನಿಗೆ ಶಾಲೆಯಲ್ಲಿ ಆ ಭಾಷೆ ಆಡಿದ್ದಕ್ಕೆ ಬೆತ್ತದ ಏಟು ಬೀಳುತ್ತಿತ್ತಂತೆ. ಅದಕ್ಕೇ ಮಕ್ಕಳಿಗೆ ಕಲಿಸಲೇ ಇಲ್ಲ. ತಾನೂ ಕೇಳಲಿಲ್ಲ.

ಮಲ್ಲಕ್ಕ ಅವಳ ಬೆನ್ನು ಸವರಿದಳು. "ಅಳಬ್ಯಾಡ ತಂಗಿ. ನಿಮ್ಮವ್ವ ಗಟ್ಟಿ ಅದಾಳ."

ಅದಾದ ಐದನೇ ದಿನ ಆಯಿಯನ್ನು ಐಸಿಯುನಿಂದ ಮತ್ತೆ ಮೇಲಿನ ರೂಮಿಗೆ ತಂದರು. ಕೂಗಾಡಿದ ವಿಷಯಕ್ಕೆ ಸುಕೇಶ್ ಫೋನಿನಲ್ಲಿ ಬೈದಿದ್ದ; ಧಾತ್ರಿ ಮಾತಾಡಿದ ಮೇಲೆ ಸುಮ್ಮನಾಗಿದ್ದ. ಅವತ್ತು ಧಾತ್ರಿ ಕಾಗದ, ಪೆನ್ನು ಹಿಡಿದು ಸ್ಟೂಲಿನ ಮೇಲೆ ಕೂತಳು. ಆಯಿ ತನ್ನ ಭಾಷೆಯಲ್ಲಿ ಅಂಗಗಳ ಹೆಸರು ಹೇಳಬೇಕು, ಧಾತ್ರಿ ಬರೆದುಕೊಂಡು ಗೋಡೆಗೆ ಅಂಟಿಸಬೇಕು. ಉಸಿರು ಇನ್ನೂ ಸೋಲುತ್ತಿದ್ದ ಮುದುಕಿ ಒಂದೊಂದು ಮಾತಿಗೂ ನಿಂತು ನಿಂತು ಹೇಳಿದಳು. ಇನ್ನೊಂದು ಬದಿಗೆ ಕೂತ ವರ್ನಾ ಪ್ರತಿ ಮಾತನ್ನೂ ಮೆಲ್ಲಗೆ ಅಂದುಕೊಳ್ಳುತ್ತಿದ್ದಳು. ಮೂಗಿಗೆ ಬಂದಾಗ ಅವಳ ಉಚ್ಚಾರ ತಪ್ಪಿತು.

ಆಯಿ ಮಗಳ ಮೊಣಕೈಗೆ ಒಂದು ಏಟು ಕೊಟ್ಟಳು.