ನಾನು ಓದಿ ಹೇಳಿದ ಪತ್ರ

ನಮ್ಮ ಡಾಕ್ಟರ ಕೈಬರಹ ಓದಲು ಬರುವುದು ಇಡೀ ಊರಿಗೆ ನನಗೊಬ್ಬಳಿಗೇ. ಜಂಬಕ್ಕೆ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷ ಅವರ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಕೂತು, ಗೋಡೆಯ ಕಿಂಡಿಯಿಂದ ಬರುವ ಚೀಟಿ ಓದಿ, ಮಾತ್ರೆ ಪೊಟ್ಟಣ ಕಟ್ಟಿದವಳು ನಾನು. ಕಂಪೌಂಡರಮ್ಮ ಎಂದರೆ ಸಾಕು, ಎಲ್ಲರಿಗೂ ಗೊತ್ತು.

ಅವರ ಅಕ್ಷರ ಮೊದಲಿನಿಂದಲೂ ಕೋಳಿ ಕೆದಕಿದ ಹಾಗೇ. ಎರಡು ವರ್ಷದಿಂದ ಅದೂ ಇರಲಿಲ್ಲ, ಬರೀ ಅಂಕುಡೊಂಕು ಗೆರೆ. ಡಾಕ್ಟರ ಅಕ್ಷರವಲ್ಲವೇ ಎಂದು ರೋಗಿಗಳು ನಗುತ್ತಿದ್ದರು, ಡಾಕ್ಟರೂ ನಗುತ್ತಿದ್ದರು. ಕೈ ನಡುಗುತ್ತಿದೆ ಎಂದು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ಆ ಬಗ್ಗೆ ಇಬ್ಬರೂ ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ. ಚೀಟಿ ತೂರಿಸಿ, "ಓದಮ್ಮ, ನೋಡೋಣ" ಎನ್ನುತ್ತಿದ್ದರು, ಪರೀಕ್ಷೆ ಮಾಡುವವರ ಗತ್ತಿನಲ್ಲಿ. ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವರು ಹೂಂ ಎನ್ನುವ ತನಕ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ.

ಹೀಗಿರುವಾಗ ಬಸ್ ನಿಲ್ದಾಣದ ಎದುರಿನ ದೊಡ್ಡ ಮೆಡಿಕಲ್ ಶಾಪಿನಿಂದ ಕರೆ ಬಂತು. ಸಂಬಳ ಇಲ್ಲಿಯ ಎರಡರಷ್ಟು. ಮಗಳನ್ನು ಕಾಲೇಜಿಗೆ ಸೇರಿಸಬೇಕಿತ್ತು, ಅತ್ತೆಯ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು. ನಾನು ಹಿಂದೆಮುಂದೆ ನೋಡಿದ್ದಕ್ಕೆ ನನ್ನ ಗಂಡ, "ನಿಯತ್ತನ್ನ ಬೇಯಿಸ್ಕೊಂಡು ತಿನ್ನೋಕಾಗತ್ತಾ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಆಸೆ ನನಗೂ ಇತ್ತು.

ಕೆಲಸ ಬಿಡುತ್ತೇನೆ ಎಂದಾಗ ಡಾಕ್ಟರು ಕನ್ನಡಕ ಒರೆಸುತ್ತಿದ್ದರು. ಒಳ್ಳೆಯದಾಗಲಿ ಎಂದು ಮುಂದಿನ ರೋಗಿಯನ್ನು ಕರೆದರು. ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಇರು ಅಂತ ಒಂದೇ ಒಂದು ಮಾತು ಅಂದಿದ್ದರೆ ಇದ್ದುಬಿಡುತ್ತಿದ್ದೆ ಎಂದು ಗಂಡನಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಪಕ್ಕದ ಮನೆಯವಳನ್ನೂ ಬಿಡಲಿಲ್ಲ. ಹೇಳಿದಷ್ಟೂ ನನ್ನ ತಪ್ಪು ಕರಗಿ ಅವರದಾಗುತ್ತಿತ್ತು.

ಹೊಸ ಕಡೆ ಅನುಭವ ಪತ್ರ ಕೇಳಿದರು. ಡಾಕ್ಟರು ಕೈಯಾರೆ ಬರೆದು, ಲಕೋಟೆಗೆ ಅಂಟು ಹಚ್ಚಿ ಕೊಟ್ಟರು. ಒಡೆದು ನೋಡುವ ಬುದ್ಧಿ ನನಗಿಲ್ಲ, ಹಾಗೇ ಒಯ್ದು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಹಾಳೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ, "ಏನಮ್ಮ, ಇಸಿಜಿ ಕೊಟ್ಟು ಕಳ್ಸಿದಾರಾ?" ಎಂದು ನಕ್ಕರು. ಕೊನೆಗೆ ನೀವೇ ಓದಿಬಿಡಿ ಎಂದು ನನ್ನ ಕೈಗೆ ಕೊಟ್ಟರು.

ಮೊದಲು ಮನಸ್ಸಿನಲ್ಲೇ ಓದಿಕೊಂಡೆ.

"ಕಂಪೌಂಡರಮ್ಮ, ಇದನ್ನು ನಿನ್ನ ಬಿಟ್ಟು ಬೇರೆ ಯಾರೂ ಓದಲಾರರು, ಅಲ್ಲೂ ಓದಲು ನಿನ್ನ ಕೈಗೇ ಕೊಡುತ್ತಾರೆ, ಅದಕ್ಕೇ ಬರೆಯುವ ಧೈರ್ಯ ಬಂತು. ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು. ನೀನಿಲ್ಲದೆ ಚೀಟಿ ಬರೆಯಲು ನನಗೆ ಭಯ. ಇನ್ನು ಆರು ತಿಂಗಳು ಇರು. ಅಷ್ಟರಲ್ಲಿ ಕ್ಲಿನಿಕ್ಕು ಮುಚ್ಚುತ್ತೇನೆ."

ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ ಆ ಒಂದು ಮಾತು ನನ್ನ ಕೈಯಲ್ಲೇ ಇತ್ತು. ಎದ್ದು ಹೋಗಬಹುದಿತ್ತು. ಹೋದರೆ ಈ ಕುರ್ಚಿಗೆ ಬೇರೆಯವರು ಬರುತ್ತಾರೆ ಎಂಬುದೂ ಗೊತ್ತಿತ್ತು. ಮ್ಯಾನೇಜರು ಪೆನ್ನು ಹಿಡಿದು ಕಾಯುತ್ತಿದ್ದರು.

ಗಂಟಲು ಸರಿಮಾಡಿಕೊಂಡು ಓದಿದೆ. ಇವರು ನಮ್ಮಲ್ಲಿ ಇಪ್ಪತ್ತೆರಡು ವರ್ಷ ಪ್ರಾಮಾಣಿಕವಾಗಿ ದುಡಿದಿದ್ದಾರೆ, ಸಂತೋಷದಿಂದ ಬೀಳ್ಕೊಡುತ್ತಿದ್ದೇನೆ, ಎಂದು. ಎಲ್ಲೂ ತಡವರಿಸಲಿಲ್ಲ. ಪ್ರಾಮಾಣಿಕ ಎನ್ನುವಾಗಲೂ ನಾಲಿಗೆ ತೊದಲಲಿಲ್ಲವಲ್ಲ, ಅದನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಮ್ಯಾನೇಜರು ತಲೆದೂಗಿ, ಸಹಿಯ ಕೆಳಗಿದ್ದ ಪುಟ್ಟ ಸಾಲಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಅದೊಂದನ್ನು ಡಾಕ್ಟರು ತುಂಬ ಹೊತ್ತು ತೆಗೆದುಕೊಂಡು ದುಂಡಗೆ ಬರೆಯಲು ನೋಡಿದ್ದರು. ಹೋಗಬೇಡಮ್ಮ ಎಂದಿತ್ತು.

"ಶುಭವಾಗಲಿ ಅಂತ ಬರ್ದಿದಾರೆ ಸಾರ್" ಎಂದೆ.