ಉಸ್ತಾದರ ಕಾರಿನ ಕ್ಲಚ್ಚು

ಕೆಂಪು ಕಾರು ಮೂರನೇ ಸಲ ಅದೇ ದೂರು ಹೊತ್ತುಕೊಂಡು ಶಿವಾಜಿನಗರದ ಗಲ್ಲಿಗೆ ತಿರುಗಿದಾಗ ಆಸಿಮನಿಗೆ ಗ್ಯಾರೇಜಿನ ಹಿಂಬಾಗಿಲಿನಿಂದ ಓಡಿಹೋಗೋಣ ಎನ್ನಿಸಿತು. ಅವನ ಗ್ಯಾರೇಜಿಗೆ ಹಿಂಬಾಗಿಲೇ ಇರಲಿಲ್ಲ, ಅದು ಬೇರೆ ಮಾತು.

ಕಾರು ಚಲುವಯ್ಯನವರದು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಯಾರೋ ಸಾಹುಕಾರರ ಮಗ ಗುದ್ದಿ ಗುಜರಿಗೆ ಹಾಕಿದ್ದ ಸ್ಪೋರ್ಟ್ಸ್ ಕಾರನ್ನು ತಂದು, ವರ್ಷಗಟ್ಟಲೆ ಅದರ ಮುಂದೆ ಕೂತು ಜೀವ ಕೊಟ್ಟವರು ಅವರು. ಆಸಿಮನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರೂ ಅವರೇ. ಈ ಗಲ್ಲಿಗಳಲ್ಲಿ ವಿದ್ಯೆ ಕಲಿಸಿದವನ ಜಾತಿ ಯಾರೂ ಕೇಳುವುದಿಲ್ಲ. ಉಸ್ತಾದ್ ಎಂದರೆ ಉಸ್ತಾದ್.

“ಮತ್ತೆ ಅದೇ ಕಥೆ ಕಣೋ ಆಸಿಮಾ. ಸಿಗ್ನಲ್ಲಲ್ಲಿ ನಿಂತ್ರೆ ಫಸ್ಟ್ ಗೇರ್ ಬೀಳಲ್ಲ. ರಿವರ್ಸ್ ಹಾಕಿದ್ರೆ ಕರಕರ ಅಂತ ಹಲ್ಲು ಕಡಿಯುತ್ತೆ,” ಎಂದರು ಚಲುವಯ್ಯ. “ಈ ಸಲಾನೂ ನಿನ್ ಕೈಲಿ ಆಗ್ಲಿಲ್ಲ ಅಂದ್ರೆ ಗರುಡಾಚಾರ್‌ಪಾಳ್ಯದಲ್ಲಿ ಒಂದು ಏಸಿ ವರ್ಕ್‌ಶಾಪ್ ಇದೆಯಂತೆ, ಅಲ್ಲಿಗೆ ಬಿಡ್ತೀನಿ. ಬೇಜಾರ್ ಮಾಡ್ಕೋಬೇಡ.”

ಬೇಜಾರಂತೆ ಬೇಜಾರು! ಸ್ವಂತ ಉಸ್ತಾದರೇ ತನ್ನನ್ನು ಬಿಟ್ಟು ಕಂಪ್ಯೂಟರ್ ಚುಚ್ಚಿ ನೋಡುವವರ ಹತ್ತಿರ ಹೋದರೆ ಗಲ್ಲಿಯಲ್ಲಿ ತಲೆ ಎತ್ತುವುದು ಹೇಗೆ? ಗಲ್ಲಿ ಹಾಳಾಗಲಿ, ಉಸ್ತಾದರ ಮುಂದೆ ತಲೆ ಎತ್ತುವುದು ಹೇಗೆ?

ಅವನ ಗೊಂದಲಕ್ಕೂ ಕಾರಣವಿತ್ತು. ಎಂಜಿನ್ ಆಫ್ ಮಾಡಿದರೆ ಎಲ್ಲ ಗೇರೂ ಸಲೀಸಾಗಿ ಬೀಳುತ್ತಿದ್ದವು. ಅಂದಮೇಲೆ ತಪ್ಪು ಗೇರ್‌ಬಾಕ್ಸಿನದಲ್ಲ. ಕ್ಲಚ್ಚು ಎಂಜಿನ್ನಿನಿಂದ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಆದರೆ ಯಾಕೆ? ಮೊದಲ ಸಲ ಕ್ಲಚ್ಚಿನ ಆಯಿಲ್ ಬದಲಿಸಿ ಪೈಪಿನೊಳಗಿನ ಗಾಳಿ ತೆಗೆದಿದ್ದ. ಎರಡನೇ ಸಲ ಆ ಆಯಿಲನ್ನು ತಳ್ಳುವ ಸಿಲಿಂಡರನ್ನೇ ಹೊಸದು ಹಾಕಿದ್ದ. ಪೆಡಲಿಗೆ ಅಡ್ಡ ಬರುತ್ತಿರಬಹುದೆಂದು ಕಾಲಡಿಯ ಮ್ಯಾಟನ್ನೂ ಕಿತ್ತೆಸೆದಿದ್ದ. ಈಗ ಗೇರ್‌ಬಾಕ್ಸನ್ನೇ ಇಳಿಸಿ ಕ್ಲಚ್ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದ. ಸವೆದಿರಲಿಲ್ಲ, ಸೊಟ್ಟಗಾಗಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇವನಿಗೆ ಇಲಿಯ ಬಾಲವೂ ಸಿಗಲಿಲ್ಲ.

ಮತ್ತೆ ಎಲ್ಲ ಜೋಡಿಸಿ ತಾನೇ ಓಡಿಸಿದ. ಬೇಕೆಂದೇ ಕೆ.ಆರ್. ಪುರದ ತೂಗುಸೇತುವೆಯ ಜಾಮಿನಲ್ಲಿ ಸಿಕ್ಕಿಕೊಂಡ. ಬೆವರು ಇಳಿದದ್ದು ಅವನಿಗೇ ಹೊರತು ಗಾಡಿಗಲ್ಲ. ಗೇರು ಒಮ್ಮೆಯೂ ತಕರಾರು ತೆಗೆಯಲಿಲ್ಲ. ನನ್ನ ಹತ್ತಿರ ಇಷ್ಟು ಸಾಧುವಾಗಿರುವ ಗಾಡಿ ಉಸ್ತಾದರ ಹತ್ತಿರ ಯಾಕೆ ಹೀಗಾಡುತ್ತದೆ? ಬಿಸಿಲಿಗೋ? ಯಾರದಾದರೂ ದೃಷ್ಟಿ ತಾಗಿತೋ? ಯೋಚಿಸಿ ಯೋಚಿಸಿ ಅವನ ತಲೆ ಕೆಟ್ಟುಹೋಯಿತು.

ಬೇರೆ ಗಿರಾಕಿಯಾಗಿದ್ದರೆ ಮೊದಲ ದಿನವೇ, “ನೀವೇ ಓಡಿಸಿ ಸಾರ್, ನಾನು ಪಕ್ಕದಲ್ಲಿ ಕೂತು ನೋಡ್ತೀನಿ,” ಎಂದಿರುತ್ತಿದ್ದ. ಗಾಡಿ ನೋಡುವ ಮೊದಲು ಓಡಿಸುವವನನ್ನು ನೋಡು ಎಂದು ಕಲಿಸಿದ್ದೇ ಚಲುವಯ್ಯ. ಆದರೆ ಆ ಮಾತನ್ನು ಅವರಿಗೇ ಹೇಳುವುದೆಂದರೆ ಗುರುವಿಗೇ ತಿರುಮಂತ್ರ. ಹಾಗಾಗಿ ಆ ಯೋಚನೆ ಆಸಿಮನ ತಲೆಯ ಹತ್ತಿರವೂ ಸುಳಿಯಲಿಲ್ಲ. ಮರ್ಯಾದೆ ಅತಿಯಾದರೆ ಎದುರಿಗಿರುವುದೂ ಕಾಣುವುದಿಲ್ಲ, ಏನು ಮಾಡುವುದು?

“ಏನೂ ಸಿಗ್ಲಿಲ್ಲ ಉಸ್ತಾದ್,” ಎಂದು ಅವನು ತಲೆ ತಗ್ಗಿಸಿದಾಗ, ಕೊನೆಗೆ ಚಲುವಯ್ಯನವರೇ, “ಬಾ, ಕೂತ್ಕೋ. ಕಣ್ಣಾರೆ ನೋಡು,” ಎಂದು ಸ್ಟೀರಿಂಗ್ ಹಿಡಿದರು.

ಹಲಸೂರು ದಾಟುವವರೆಗೆ ಎಲ್ಲ ಸರಿಯಿತ್ತು. ದೊಮ್ಮಲೂರಿನ ಸಿಗ್ನಲ್ಲಿನಲ್ಲಿ ನಿಂತು ಫಸ್ಟ್ ಗೇರ್ ಹಾಕಹೋದರು ನೋಡಿ, ಕರ್ರ್ ಎಂದಿತು. “ಕೇಳಿಸ್ತೇನೋ?” ಎಂದರು ಉಸ್ತಾದ್, ಗೆದ್ದವರ ಹಾಗೆ.

ಆಸಿಮ್ ಶಬ್ದ ಎಲ್ಲಿಂದ ಬರುತ್ತಿದೆ ಎಂದು ಬಗ್ಗಿದ. ಉಸ್ತಾದರ ಎಡಗಾಲಿನ ಚಪ್ಪಲಿ ಜಾರಿ ಕ್ಲಚ್ ಪೆಡಲಿನ ಕೆಳಗೆ ಸಿಕ್ಕಿಕೊಂಡಿತ್ತು. ಅಬ್ಬಾ, ಕಳ್ಳ ಸಿಕ್ಕ! ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಅವರ ಪಾದವನ್ನು ಒಂದು ಕೈಯಲ್ಲಿ ಎತ್ತಿ ಚಪ್ಪಲಿ ಎಳೆದುಕೊಂಡ.

ಗೇರು ಮತ್ತೆ ಕರ್ರ್ ಎಂದಿತು. ಪೆಡಲಿನ ಕೆಳಗೆ ಈಗ ಏನೂ ಇರಲಿಲ್ಲ. ಆದರೂ ಬರಿಗಾಲು ಅರ್ಧಕ್ಕೇ ನಿಂತು ಸಣ್ಣಗೆ ನಡುಗುತ್ತಿತ್ತು.

“ಪೂರ್ತಿ ಒತ್ತಿದೀರಾ ಉಸ್ತಾದ್?”

“ತಳ ಮುಟ್ಟಿಸಿದೀನಲ್ಲೋ! ಅಷ್ಟೊತ್ತಿಂದ ಕೆಳಗೆ ಏನ್ ಹುಡುಕ್ತಿದೀಯ?”

ಆಸಿಮ್ ಮೆಲ್ಲಗೆ ತಲೆ ಎತ್ತಿದ. ತಾನು ಪಾದ ಎತ್ತಿದ್ದು ಅವರಿಗೆ ತಿಳಿದೇ ಇರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಅವನಿಗೆ ಗೊತ್ತಿತ್ತು. ಅದು ಕಾಲಿನವರೆಗೆ ಇಳಿದು ಸ್ಪರ್ಶವನ್ನೇ ತಿಂದುಹಾಕಿದ್ದು ಗೊತ್ತಿರಲಿಲ್ಲ. ಇದನ್ನು ಯಾವ ಬಾಯಲ್ಲಿ ಹೇಳುವುದು? ಕೈಯಾರೆ ಕಟ್ಟಿದ ಕಾರನ್ನು ಇನ್ನು ಓಡಿಸಬೇಡಿ ಎಂದು ಈ ಮನುಷ್ಯನಿಗೆ ಹೇಗೆ ಹೇಳುವುದು? ಹಿಂದಿನ ಗಾಡಿಗಳೆಲ್ಲ ಹಾರನ್ ಬಾರಿಸುತ್ತಿದ್ದವು.

“ನೀವು ಈ ಕಡೆ ಬನ್ನಿ ಉಸ್ತಾದ್, ನಾನೊಂದ್ಸಲ ನೋಡ್ತೀನಿ,” ಎಂದ.

ಚಲುವಯ್ಯ ಇಳಿದು, ಕಾದ ಟಾರಿನ ಮೇಲೆ ಒಂದೇ ಚಪ್ಪಲಿಯಲ್ಲಿ ಸುತ್ತಿ ಬಂದರು. ಅದೂ ಅವರಿಗೆ ತಿಳಿಯಲಿಲ್ಲ. ಆಸಿಮನಿಗೆ ಅಳು ಬಂತು. ಅವನು ಸ್ಟೀರಿಂಗ್ ಹಿಂದೆ ಕೂತು, ಕ್ಲಚ್ಚನ್ನು ಬೇಕೆಂದೇ ಅರ್ಧ ಒತ್ತಿ ಗೇರ್ ತಳ್ಳಿದ. ಕರ್ರ್.

“ನೋಡಿ, ನಂಗೂ ಬೀಳ್ತಿಲ್ಲ. ಗಾಡೀಲೇ ಏನೋ ಇದೆ. ನನ್ ಹತ್ರಾನೇ ಇರ್ಲಿ ಬಿಡಿ, ನಿಧಾನಕ್ಕೆ ನೋಡ್ತೀನಿ.”

ಚಲುವಯ್ಯ ಅವನ ಕಾಲಿನ ಕಡೆ ನೋಡಲಿಲ್ಲ, ಸುಮ್ಮನೆ ಮುಂದಿನ ಗಾಜಿನ ಕಡೆ ಮುಖ ಮಾಡಿ ಕೇಳಿಸಿಕೊಂಡರು.

“ಇನ್ನೊಂದ್ಸಲ ಹಾಕು.”

ಮತ್ತೆ ಕರ್ರ್.

“ಅರ್ಧ ಒತ್ತುತ್ತಿದೀಯ,” ಎಂದರು. ಆಮೇಲೆ ತಡವರಿಸಿ, “ಇದೇ ಶಬ್ದ. ನಾನು ಒತ್ತಿದಾಗ ಬರೋದೂ ಇದೇ ಶಬ್ದ, ಅಲ್ವೇನೋ?” ಎಂದು ಕೇಳಿದರು.

ಉಸ್ತಾದ್ ಬಗ್ಗಿ ತಮ್ಮ ಎಡಗಾಲಿನ ಬೆರಳುಗಳನ್ನು ಹಿಡಿದು ಹಿಸುಕಿದರು. ಇನ್ನಷ್ಟು ಜೋರಾಗಿ ಹಿಸುಕಿದರು.

“ಈಗ ಪೂರ್ತಿ ಒತ್ತೋ.”

ಆಸಿಮ್ ತಳ ಮುಟ್ಟುವವರೆಗೆ ಒತ್ತಿದ. ಗೇರು ಸದ್ದಿಲ್ಲದೆ ಬಿತ್ತು.

“ಗಾಡಿ ಚೆನ್ನಾಗಿದೆ ಕಣೋ,” ಎಂದರು ಚಲುವಯ್ಯ. “ಚೆನ್ನಾಗ್ ಮಾಡಿದೀಯ.”