ಜಾಲಿ ಗಿಡದ ಅರಿವೆ

"ಗಂಟ ಬಿಚ್ಚಬ್ಯಾಡ್ರಿ ಕಾಕಾ! ಇವತ್ತರ ಬಿಚ್ಚಬ್ಯಾಡ್ರಿ!" ಎಂದು ನೆರೆಮನೆಯ ರೇವವ್ವ ಕುತುಬುದ್ದೀನನ ಕೈಯೊಳಗಿನ ಅರಿವೆ ಕಸಿದುಕೊಂಡಳು.

ಹಲ್ಲಿನಿಂದ ಗಂಟು ಸಡಿಲಿಸುತ್ತಿದ್ದವನು ಬಾಯಿ ತೆರೆದುಕೊಂಡೇ ನಿಂತ. ಹಿತ್ತಲಲ್ಲಿ ಜಮಖಾನೆಯ ಮರೆ ಕಟ್ಟಿ ಹೆಂಗಸರು ಅವನ ಹೆಂಡತಿ ಬಾಷಾಬಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಮೈ ಒರೆಸಲು ಮೆತ್ತನೆಯ ಅರಿವೆ ಬೇಕೆಂದು ಅವರಲ್ಲೊಬ್ಬಳಾದ ಫಾತಿಮಾಬಿ ಮರೆಯೊಳಗಿನಿಂದ ಕೇಳಿದ್ದಳು. ಅಣ್ಣಿಗೇರಿಯಲ್ಲಿ ಈ ಮನೆಯಷ್ಟು ಮೆತ್ತನೆಯ ಅರಿವೆ ಇನ್ಯಾರ ಮನೆಯಲ್ಲಿ ಸಿಕ್ಕಾವು? ಹತ್ತಿ ಗಿರಣಿ, ದವಾಖಾನೆ, ಬ್ಯಾಂಕು, ಸರಕಾರಿ ಬಂಗಲೆ, ಎಲ್ಲ ಕಡೆ ಕಿಟಕಿಯ ಗಾಜು ಒರೆಸುವುದೇ ಕುತುಬುದ್ದೀನನ ಕಸುಬು. ಅವನು ಒರೆಸುವುದು, ಅವಳು ಆ ಅರಿವೆ ಒಗೆದು ಒಣಗಿಸುವುದು. ಮೂವತ್ತು ವರ್ಷ ಹೀಗೇ ನಡೆದಿತ್ತು.

"ಗಂಟಿದ್ರ ಮೈಗೆ ಚುಚ್ಚತೈತಲ್ಲ ತಂಗಿ."

"ಚುಚ್ಚಲಿ. ಆ ಗಂಟ ಯಾಕ ಹಾಕ್ತಿದ್ಲು ಗೊತ್ತೇನ್ರಿ ನಿಮಗ?"

"ಏನೋ, ಆಕಿ ಚಟಾ. ದಿನಾ ಮುಂಜಾನೆ ಬಿಚ್ಚಿ ಬಿಚ್ಚಿ ನನ್ನ ಹಲ್ಲು ಸವದಾವು."

"ಚಟಾ ಅಲ್ರಿ! ಕಾಕಿಗೆ ಕಣ್ಣ ಕಾಣ್ತಿದ್ದಿಲ್ಲ." ರೇವವ್ವ ಸೆರಗು ಬಾಯಿಗೊತ್ತಿಕೊಂಡಳು. "ಮೂರು ವರ್ಷ ಆತು. ಬೆಳಕು ಕತ್ತಲಿ ಇಷ್ಟಽ ತಿಳೀತಿತ್ತು. ಒಂದ ಗಂಟು ಗಾಜಿನ ಅರಿವಿಗೆ, ಎರಡ ಗಂಟು ಚೌಕಟ್ಟ ಒರಸೋ ಅರಿವಿಗೆ. ನೀರಾಗ ಬಿದ್ದ ಮ್ಯಾಲೆ ಎಲ್ಲಾ ಕೈಗೆ ಒಂದಽ ಆಕ್ಕಾವು. ಎಣ್ಣಿ ಜಿಡ್ಡಿಂದು ಗಾಜಿನ ಅರಿವಿ ಜೋಡಿ ಕೂಡಿದ್ರ ನೀವು ಬೈತಿದ್ರಿ. ಅದಕ್ಕ ಒಗಿಯೂ ಮೊದಲಽ ಗಂಟ ಹಾಕ್ತಿದ್ಲು."

ಕುತುಬುದ್ದೀನ ಗೋಡೆಗೆ ಆತುಕೊಂಡ. "ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಅರಿವಿ ಬ್ಯಾರೆಯವರ ಕಡೆ ಒಗಸ್ತಾರ, ನನ್ನ ಮೂಲ್ಯಾಗ ಕುಂದರಸ್ತಾರ ಅಂತಿದ್ಲು. ನನ್ನ ಕಡೆ ಆಣಿ ಹಾಕಿಸ್ಕೊಂಡಿದ್ಲು. ಕೆರಿ ದಾರಿ ನಾನಽ ರೂಢಿ ಮಾಡಿಸಿದ್ದೆ. ತಿರುವಿನ್ಯಾಗಿನ ಜಾಲಿ ಗಿಡಕ್ಕ ಒಂದ ಅರಿವಿ ಕಟ್ಟಿದ್ವಿ. ಅದು ಕೈಗೆ ಹತ್ತಿದ್ರ ಬಲಕ್ಕ ಹೊಳ್ಳೂದು, ನೀರಿಗೆ ಇಳಿಯೂ ಪಾವಟಿಗಿ ಸಿಗ್ತಾವು. ಹೊಳ್ಳದಿದ್ರ ಎದರಿಗೇ ಮಡು. ನಿನ್ನೆ ನಾ ಬರೂದು ತಡಾ ಆತು. ಬಂದ ನೋಡಿದ್ರ ಕಾಕಿ ಮಡುವಿನ್ಯಾಗ, ಗಿಡದಾಗ ಅರಿವಿನಽ ಇಲ್ಲ! ಯಾವ ಭಾಡ್ಯಾ ಬಿಚ್ಚಿಕೊಂಡು ಹ್ವಾದನೋ, ಅವನ ಕೈಗೆ ಹುಳಾ ಬೀಳ್ಲಿ!"

ಕುತುಬುದ್ದೀನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

*

ಮೊನ್ನೆ ಸಂಜೆ ಅವನು ಗಿರಣಿಯಿಂದ ಎಂದಿಲ್ಲದೆ ಕೆರೆಯ ದಂಡೆ ಹಿಡಿದು ಬರುತ್ತಿದ್ದ. ಎಂಬತ್ತೈದನೆಯ ಇಸವಿಯ ಹತ್ತಿ ಸುಗ್ಗಿ ಅದು. ಒರೆಸಿದ ಗಾಜಿಗೆ ಮಧ್ಯಾಹ್ನದೊಳಗೆ ಮತ್ತೆ ಹತ್ತಿಯ ದೂಳು ಕೂರುತ್ತಿತ್ತು. ಸಾಲದ್ದಕ್ಕೆ ಒಂದು ಅರಿವೆ ಬಹಳ ದಿನದಿಂದ ಕಾಣೆಯಾಗಿತ್ತು. ಹೊಸ ಬಟ್ಟೆ ಗಾಜಿಗೆ ಬಾರದು, ನೂಲು ಬಿಡುತ್ತದೆ. ಹಳೆಯ ಧೋತರ ಹರಿದು, ಸೋಡಾದಲ್ಲಿ ವರ್ಷಗಟ್ಟಲೆ ಒಗೆದು, ನೆರಳಲ್ಲಿ ಒಣಗಿಸಿದರೆ ಒಂದು ಅರಿವೆ ಹದಕ್ಕೆ ಬರುತ್ತದೆ. ಅಂಥದ್ದು ಜಾಲಿ ಗಿಡದಲ್ಲಿ ನೇತಾಡುತ್ತಿತ್ತು! ಅಂಚು ನೋಡಿದ ಕೂಡಲೇ ಗುರುತು ಸಿಕ್ಕಿತು.

"ಎಲಾ ಇವಳ! ಒಣಗಹಾಕಿ ಮರತ ಹೋಗ್ಯಾಳ," ಎಂದುಕೊಂಡ. ಒಂದೆಳೆಯೂ ಹರಿಯದಂತೆ ಮುಳ್ಳು ಬಿಡಿಸಿ ಬಿಚ್ಚಿಕೊಂಡ.

ಮನೆಗೆ ಬರುವಾಗ ಎರಡು ಮಾತು ಬಿಗಿಯಾಗಿಯೇ ಬೈಯಬೇಕೆಂದಿದ್ದ. ಬಾಷಾಬಿ ಬಿಸಿರೊಟ್ಟಿ ತಟ್ಟುತ್ತಿದ್ದಳು. ದಿನದಂತೆ, "ಏನ್ರಿ, ಗಾಜು ಚೊಲೋ ಬಂದುವೇನ್ರಿ?" ಎಂದು ಕೇಳಿದಳು. ಅವನು "ಹ್ಞೂಂ" ಎಂದು ಉಂಡು ಮಲಗಿದ. ಅರಿವೆ ಚೀಲದಲ್ಲೇ ಉಳಿಯಿತು. ಬೈಯದೆ ಬಿಟ್ಟೆನಲ್ಲ ಎಂದು ತನ್ನ ದೊಡ್ಡತನಕ್ಕೆ ತಾನೇ ಹಿಗ್ಗಿದ ಕೂಡ. ಮೂವತ್ತು ವರ್ಷ ಸಣ್ಣದಕ್ಕೂ ದೊಡ್ಡದಕ್ಕೂ ಬೈದ ಮನುಷ್ಯ! ಆವತ್ತೊಂದು ದಿನ ಬೈದಿದ್ದರೆ ಅವಳು ಬದುಕುತ್ತಿದ್ದಳು.

ಮರುದಿನ ಗಿರಣಿಯ ದೊಡ್ಡ ಕಿಟಕಿಯನ್ನು ಅದೇ ಅರಿವೆಯಿಂದ ಒರೆಸುತ್ತಿದ್ದಾಗ ಕೆಳಗಿನಿಂದ ಜನ ಕೂಗಿ ಕರೆದರು.

*

ಅಂಗಳದಲ್ಲಿ ಜನಾಜಾ ಸಿದ್ಧವಾಗಿತ್ತು. ಎತ್ತುವ ಮೊದಲು ಹಿರಿಯ ಫಕ್ರುಸಾಬ ಎಲ್ಲರಿಗೂ ಕೇಳುವಂತೆ ಹೇಳಿದ: "ಬಾಷಾಬಿ ಯಾರ ಮನಸ್ಸರ ನೋಯಿಸಿದ್ರ, ಏನರ ತಪ್ಪು ಮಾಡಿದ್ರ, ಮಾಫ್ ಮಾಡಿಬಿಡ್ರಿ."

"ಮಾಫ್, ಮಾಫ್," ಎಂದರು ಜನ.

"ಕುತುಬುಭಾಯಿ, ನೀವೂ ಅನ್ರಿ. ಗಂಡನ ಬಾಯಿಲೆ ಬರಬೇಕು."

ಕುತುಬುದ್ದೀನ ಒಂದು ಹೆಜ್ಜೆ ಮುಂದೆ ಬಂದ. ಮಾಫಿ ಬೇಡಬೇಕಾದವನು ತಾನು. ಈಗಲೇ, ಇವರೆಲ್ಲರ ಎದುರಿಗೇ ಹೇಳಿಬಿಡಬೇಕು. "ನಾ... ಆ ಅರಿವಿ..." ಎಂದ.

"ಅರಿವಿ ಚಿಂತಿ ಬಿಡ್ರಿ ಈಗ," ಎಂದು ಪಕ್ಕದಲ್ಲಿ ನಿಂತಿದ್ದ ಮಾಬುಸಾಬ ಹೆಗಲು ತಟ್ಟಿದ. "ಪಾಪ, ಕೆಲಸದಾಗಽ ಐತಿ ಧ್ಯಾಸ. ಮಾಫ್ ಅನ್ರಿ ಸಾಕು."

ಬಾಗಿಲಲ್ಲಿ ನಿಂತ ರೇವವ್ವ ಅವನನ್ನೇ ನೋಡುತ್ತಿದ್ದಳು. ಅವನ ಧೈರ್ಯ ಅಲ್ಲಿಗೇ ಮುಗಿಯಿತು.

"ಮಾಫ್," ಎಂದ.

ಖಬರಸ್ತಾನದಲ್ಲಿ ಮೂರು ಹಿಡಿ ಮಣ್ಣು ಹಾಕಲು ಬಗ್ಗಿದಾಗ ಕೆಳಗಿನಿಂದ, ಅಗದಿ ಸ್ಪಷ್ಟವಾಗಿ, "ಏನ್ರಿ, ಗಾಜು ಚೊಲೋ ಬಂದುವೇನ್ರಿ?" ಎಂದು ಕೇಳಿಸಿತು. ಇಷ್ಟು ದಿನ ಅವಳು ಮಾತಿಗೆಂದು ಕೇಳುತ್ತಿದ್ದಾಳೆಂದೇ ತಿಳಿದಿದ್ದ. ತಾನು ಒಗೆದದ್ದು ಸರಿಹೋಯಿತೋ ಇಲ್ಲವೋ ಎಂದು ಅವಳಿಗೆ ತಿಳಿಯಲು ಬೇರೆ ದಾರಿಯೇ ಇರಲಿಲ್ಲ.

"ಬಂದಾವು, ಚೊಲೋ ಬಂದಾವು," ಎಂದ ಕುತುಬುದ್ದೀನ, ಗಟ್ಟಿಯಾಗಿ. ಜನ ಮುಖ ಮುಖ ನೋಡಿಕೊಂಡರು.

*

ಹೊತ್ತು ಇಳಿಯುವಾಗ ರೇವವ್ವ ಕೊಡ ಹಿಡಿದು ಕೆರೆಗೆ ಬಂದಳು. ತಿರುವಿನ ಜಾಲಿ ಗಿಡದ ಪಕ್ಕ ಕುತುಬುದ್ದೀನ ನಿಂತಿದ್ದ. ಮಣ್ಣಿಗೆ ಹೋದಾಗ ಉಟ್ಟಿದ್ದ ಬಟ್ಟೆಯನ್ನೂ ಬದಲಿಸಿರಲಿಲ್ಲ. ಬಲಗೈಯನ್ನು ದಾರಿಗೆ ಅಡ್ಡಲಾಗಿ ಚಾಚಿ ಹಿಡಿದಿದ್ದ.

"ಕಾಕಾ, ಇಲ್ಲಿ ಏನ ಮಾಡಾಕತ್ತೀರಿ? ಮನ್ಯಾಗ ಎಲ್ಲಾರೂ ಹುಡುಕಾಕತ್ಯಾರು."

"ಆ ಅರಿವಿ ಬಿಚ್ಚಿದಾಂವ ನಾನಽ, ರೇವವ್ವ."

ರೇವವ್ವನ ಕೊಡ ಕಂಕುಳಿನಿಂದ ಜಾರಿತು. ಬೆಳಿಗ್ಗೆ ಹಾಕಿದ ಶಾಪ ನೆನಪಾಗಿ ಬಾಯಿಗೆ ಕೈ ಒಯ್ದಳು. ಅವನನ್ನು ಬೈಯಬೇಕೋ, ಅವನ ಜೊತೆ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ನಡೀರಿ ಕಾಕಾ, ಮನಿಗೆ ಹೋಗೂಣು," ಎಂದಳು ಕೊನೆಗೆ.

"ತಡಿ. ಹೆಜ್ಜಿ ಸಪ್ಪಳ ಕೇಳಾಕತ್ತೈತಿ. ಬರಾಕತ್ತಾಳ."

ರೇವವ್ವ ಹಿಂತಿರುಗಿ ನೋಡಿದಳು. ದಾರಿ ಊರಿನವರೆಗೂ ಖಾಲಿಯಿತ್ತು.

ಕುತುಬುದ್ದೀನ ಚಾಚಿದ ಕೈಯನ್ನು ಸ್ವಲ್ಪ ಕೆಳಗಿಳಿಸಿದ. ಬಾಷಾಬಿ ಕುಳ್ಳಿ, ಅವನ ಎದೆಮಟ್ಟಕ್ಕೆ ಬರುತ್ತಿದ್ದಳು.